ಸಂಶೋಧಕರ ಪ್ರಕಟಣೆ ಪಟ್ಟಿ ಮತ್ತು ಉಲ್ಲೇಖ ಸಂಖ್ಯೆ: ಅರ್ಥ, ಲೆಕ್ಕ, ಮಿತಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಜೈನ ಮನೆಗಳಲ್ಲಿ ದಿನಸಿ, ಬಟ್ಟೆ, ಅಡಿಕೆ, ಕೊಬ್ಬರಿ ವ್ಯಾಪಾರದ ಜೊತೆಗೆ ಈಗ ವೈದ್ಯಕೀಯ, ಫಾರ್ಮಸಿ, ಜೈವಿಕ ತಂತ್ರಜ್ಞಾನ ಓದುವ ಮಕ್ಕಳೂ ಇದ್ದಾರೆ. ಕೆಲವರು ಪಿಎಚ್.ಡಿ. ಮಾಡಲು ದಾವಣಗೆರೆ, ಮೈಸೂರು, ಬೆಂಗಳೂರಿಗೆ ಹೋಗುತ್ತಾರೆ. ಹೀಗಾಗಿ ಮದುವೆಯ ಬಯೋಡೇಟಾದಲ್ಲಿ, ಸನ್ಮಾನದ ಆಮಂತ್ರಣ ಪತ್ರಿಕೆಯಲ್ಲಿ, ಗೈಡ್ ಹುಡುಕುವಾಗ “80 ಅಂತರರಾಷ್ಟ್ರೀಯ ಪ್ರಬಂಧ, 2,000 ಉಲ್ಲೇಖ, ಎಚ್-ಇಂಡೆಕ್ಸ್ 22” ಎಂಬಂಥ ಸಾಲುಗಳು ಕಾಣುತ್ತವೆ. ಇದರ ಅರ್ಥ ಗೊತ್ತಿಲ್ಲದಿದ್ದರೆ ಮಕ್ಕಳ ನಾಲ್ಕೈದು ವರ್ಷ ಮತ್ತು ಮನೆಯ ಹಣ ಎರಡೂ ತಪ್ಪು ಕಡೆಗೆ ಹೋಗಬಹುದು. ಪೋಷಕರಿಗೂ ವಿದ್ಯಾರ್ಥಿಗಳಿಗೂ ಬೇಕಾದ ಮುಖ್ಯ ಮಾಹಿತಿ ಇಲ್ಲಿದೆ.

ಪದಗಳ ಅರ್ಥ

ಸಂಶೋಧಕರು ತಮ್ಮ ಕೆಲಸವನ್ನು ಬರೆದು ಪತ್ರಿಕೆಗೆ (ಜರ್ನಲ್) ಕಳಿಸುತ್ತಾರೆ. ಅದೇ ವಿಷಯದ ಬೇರೆ ತಜ್ಞರು ಓದಿ, ಪ್ರಶ್ನೆ ಕೇಳಿ, ತಿದ್ದಿಸಿ ಒಪ್ಪಿದ ಮೇಲೆ ಅಚ್ಚಾಗುವುದೇ ಪ್ರಬಂಧ. ಮುಂದೆ ಯಾರಾದರೂ ತಮ್ಮ ಬರಹದಲ್ಲಿ ಆ ಪ್ರಬಂಧದ ಹೆಸರು ಹೇಳಿದರೆ ಅದು ಒಂದು ಉಲ್ಲೇಖ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರತಂದ ಮೇಲೆ ಇಂಥ ಎಣಿಕೆ ವ್ಯವಸ್ಥಿತವಾಯಿತು. ಇಂದು ಗೂಗಲ್ ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಮೂರು ಕಡೆ ಈ ಲೆಕ್ಕ ಸಿಗುತ್ತದೆ. ಮೂರರ ವ್ಯಾಪ್ತಿ ಬೇರೆ ಬೇರೆ, ಆದ್ದರಿಂದ ಒಬ್ಬರದೇ ಸಂಖ್ಯೆ ಮೂರು ಕಡೆ ಮೂರು ಥರ ಇರುತ್ತದೆ. ಗೂಗಲ್ ಸ್ಕಾಲರ್ ಮಹಾಪ್ರಬಂಧ, ಪುಸ್ತಕ, ಪರಿಶೀಲನೆಯಾಗದ ಬರಹಗಳನ್ನೂ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಸಂಖ್ಯೆ ಹೆಚ್ಚು.

ಎಚ್-ಇಂಡೆಕ್ಸ್ ಎಂಬುದು 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಲೆಕ್ಕ. ಒಬ್ಬರ ಏಳು ಪ್ರಬಂಧಗಳಿಗೆ ಕ್ರಮವಾಗಿ 40, 22, 9, 6, 5, 2, 0 ಉಲ್ಲೇಖ ಬಂದಿವೆ ಎನ್ನೋಣ. ಕನಿಷ್ಠ 5 ಉಲ್ಲೇಖ ಪಡೆದ ಪ್ರಬಂಧಗಳು ಐದು ಇವೆ. ಕನಿಷ್ಠ 6 ಪಡೆದವು ಆರು ಇಲ್ಲ. ಆದ್ದರಿಂದ ಅವರ ಎಚ್-ಇಂಡೆಕ್ಸ್ 5. ಮೊದಲ ಪ್ರಬಂಧಕ್ಕೆ 40ರ ಬದಲು 4,000 ಉಲ್ಲೇಖ ಬಂದರೂ ಅದು 5 ಆಗಿಯೇ ಉಳಿಯುತ್ತದೆ. ಹೆಚ್ಚು ವರ್ಷ ದುಡಿದವರಿಗೆ ಸಂಖ್ಯೆ ತಾನಾಗಿ ಏರುತ್ತದೆ, ಇಳಿಯುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಪತ್ರಿಕೆಯ ಸರಾಸರಿಯೇ ಹೊರತು ಅದರಲ್ಲಿ ಬರೆದ ವ್ಯಕ್ತಿಯ ಅಂಕವಲ್ಲ.

ಬೆಂಗಳೂರಿನ ಒಂದು ಉದಾಹರಣೆ

ಕರ್ನಾಟಕದಿಂದ ಹೊರಟು ಜಗತ್ತಿನಲ್ಲಿ ಬಹಳ ಉಲ್ಲೇಖಗೊಂಡ ವೈದ್ಯವಿಜ್ಞಾನದ ಕೆಲಸಗಳಲ್ಲಿ ಬೆಂಗಳೂರು ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನದು ಒಂದು. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದ ಡಾ. ಅಖಿಲೇಶ್ ಪಾಂಡೆ ಇದನ್ನು 2002ರಲ್ಲಿ ಲಾಭರಹಿತ ಸಂಸ್ಥೆಯಾಗಿ ಸ್ಥಾಪಿಸಿದರು. ಅವರ ಪ್ರಕಟಣೆ ಪಟ್ಟಿಯಿಂದ ಮೂರು ಬಗೆಯ ಕೆಲಸಗಳನ್ನು ನೋಡಿದರೆ ಉಲ್ಲೇಖ ಎಲ್ಲಿಂದ ಬರುತ್ತದೆ ಎಂದು ತಿಳಿಯುತ್ತದೆ.

ಮೊದಲನೆಯದು ವಿಧಾನ. ಜೀವಕೋಶದ ಪ್ರೋಟೀನುಗಳ ಪ್ರಮಾಣವನ್ನು ಹೋಲಿಸಿ ಅಳೆಯುವ ‘ಸಿಲಾಕ್’ ವಿಧಾನದ 2002ರ ಪ್ರಬಂಧವಿದು. ಡೆನ್ಮಾರ್ಕಿನ ಮಥಿಯಾಸ್ ಮಾನ್ ತಂಡದ ಈ ಪ್ರಬಂಧದಲ್ಲಿ ಪಾಂಡೆ ಸಹಲೇಖಕರು. ಆ ವಿಧಾನ ಬಳಸಿದವರೆಲ್ಲ ಅದರ ಹೆಸರು ಹೇಳುತ್ತಾರೆ.

ಎರಡನೆಯದು ಮಾಹಿತಿ ಭಂಡಾರ. ಪ್ರಕಟವಾದ ಪ್ರಬಂಧಗಳನ್ನು ಒಂದೊಂದಾಗಿ ಓದಿ, ಮಾನವ ದೇಹದ ಪ್ರೋಟೀನುಗಳ ಮಾಹಿತಿಯನ್ನು ಒಂದೆಡೆ ಜೋಡಿಸಿದ ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ ಇದು. ಇದರ ಮೊದಲ ಪ್ರಬಂಧ 2003ರಲ್ಲಿ ಬಂತು. 2009ರ ಪರಿಷ್ಕೃತ ಆವೃತ್ತಿಯ ಪ್ರಬಂಧದಲ್ಲಿ ಮೊದಲ ಹೆಸರು ಟಿ.ಎಸ್. ಕೇಶವ ಪ್ರಸಾದ್ ಅವರದು; ಅವರು ಮುಂದೆ ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯಕ್ಕೆ ಹೋದರು. ಬೆಂಗಳೂರಿನ ಯುವ ಜೀವವಿಜ್ಞಾನಿಗಳು ಕುಳಿತು ಓದಿ ತುಂಬಿಸಿದ ಈ ಭಂಡಾರಕ್ಕೆ ಸಾವಿರಗಟ್ಟಲೆ ಉಲ್ಲೇಖ ಬಂದಿವೆ.

ಮೂರನೆಯದು ಶೋಧ. 2014ರ ಮೇ 29ರ ‘ನೇಚರ್’ ಪತ್ರಿಕೆಯಲ್ಲಿ ಬಂದ ಮಾನವ ಪ್ರೋಟೀನುಗಳ ಕರಡು ನಕ್ಷೆ. 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ, 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿದ್ದಾಗಿ ತಂಡ ವರದಿ ಮಾಡಿತು. ಪ್ರೋಟೀನ್ ತಯಾರಿಸುವ ಜೀನುಗಳಲ್ಲಿ ಇದು ಸುಮಾರು ಶೇ. 84. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಬೆಂಗಳೂರಿನ ಸಂಸ್ಥೆ ಸೇರಿ ಹತ್ತಾರು ಜನ ಮಾಡಿದ ಕೆಲಸವಿದು. ಲೇಖಕರ ಸಾಲು ಮಿನ್-ಸಿಕ್ ಕಿಮ್ ಹೆಸರಿನಿಂದ ಆರಂಭವಾಗಿ ಹರ್ಷ ಗೌಡ, ಅಖಿಲೇಶ್ ಪಾಂಡೆ ಹೆಸರುಗಳಿಂದ ಮುಗಿಯುತ್ತದೆ. ವೈದ್ಯವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೈಯಾರೆ ಹೆಚ್ಚು ಕೆಲಸ ಮಾಡಿದವರದು, ಕೊನೆಯ ಹೆಸರು ತಂಡ ನಡೆಸಿದವರದು. ನಡುವಿನ ಹೆಸರುಗಳ ಪಾಲು ಎಷ್ಟು ಎಂದು ಸಂಖ್ಯೆಯಿಂದ ತಿಳಿಯುವುದಿಲ್ಲ.

ಉಲ್ಲೇಖವೆಂದರೆ ಮೆಚ್ಚುಗೆ ಮಾತ್ರವಲ್ಲ

ಇದೇ ನಕ್ಷೆಯ ಬಗ್ಗೆ ಅದೇ ವರ್ಷ ಸ್ಪೇನಿನ ಸಂಶೋಧಕರು ಆಕ್ಷೇಪ ಬರೆದರು. ವಾಸನೆ ಗ್ರಹಿಸುವ ಪ್ರೋಟೀನುಗಳು ಮುಖ್ಯವಾಗಿ ಮೂಗಿನಲ್ಲಿರುತ್ತವೆ. ಮೂಗಿನ ಅಂಗಾಂಶವನ್ನೇ ಪರೀಕ್ಷಿಸದೆ ಅವು ಇಷ್ಟೊಂದು ಸಿಕ್ಕಿದ್ದು ಹೇಗೆ ಎಂಬುದು ಅವರ ಪ್ರಶ್ನೆ. ನಕ್ಷೆಯ ಒಂದು ಭಾಗವನ್ನು ಮತ್ತೆ ಪರಿಶೀಲಿಸಬೇಕು ಎಂದು ಅವರು ವಾದಿಸಿದರು. ವಿಜ್ಞಾನ ಮುಂದೆ ಹೋಗುವುದೇ ಹೀಗೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಆದರೆ ಆಕ್ಷೇಪ ಬರೆದವರೂ ಮೂಲ ಪ್ರಬಂಧದ ಹೆಸರು ಹೇಳಲೇಬೇಕು, ಮತ್ತು ಅದೂ ಒಂದು ಉಲ್ಲೇಖವೆಂದೇ ಎಣಿಕೆಯಾಗುತ್ತದೆ. ಅಂಗಡಿಯ ವಹಿವಾಟು ಕೇಳಿದರೆ ಲಾಭ ತಿಳಿಯದ ಹಾಗೆ, ಉಲ್ಲೇಖದ ಮೊತ್ತ ಕೇಳಿದರೆ ಕೆಲಸದ ಬೆಲೆ ತಿಳಿಯುವುದಿಲ್ಲ. ಖಾತೆ ತೆರೆದು ನೋಡಬೇಕು.

ವಿಷಯದ ಗಾತ್ರವೂ ಮುಖ್ಯ. ಇಡೀ ವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಲೌರಿ ವಿಧಾನದ್ದು. 1951ರ ಈ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಇನ್ನೊಂದೆಡೆ, ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಬರೆದ ಪ್ರಬಂಧವನ್ನು ಹೊರದೇಶದವರು ಅಷ್ಟಾಗಿ ಉಲ್ಲೇಖಿಸುವುದಿಲ್ಲ. ಆದರೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಎಂಬ ಭಾರತೀಯ ಮಾನಕ ಮಿತಿಯನ್ನು ಯಾವ ಊರಿನ ನೀರು ಮೀರಿದೆ ಎಂದು ಹೇಳುವ ಬರಹ, ಮಕ್ಕಳ ಹಲ್ಲು ಮತ್ತು ಮೂಳೆ ಉಳಿಸಬಲ್ಲದು.

‘ಜೈನ್’ ಹೆಸರಿನ ತೊಡಕು

ಜೈನ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯವೊಂದಿದೆ. ‘ಎಸ್. ಜೈನ್’, ‘ಆರ್. ಜೈನ್’ ಎಂಬ ಹೆಸರಿನ ಸಂಶೋಧಕರು ದೇಶ ವಿದೇಶಗಳಲ್ಲಿ ಬಹಳ ಜನ. ಒಬ್ಬರ ಪ್ರಬಂಧ ಇನ್ನೊಬ್ಬರ ಪಟ್ಟಿಗೆ ಸೇರುವುದು ಸಾಮಾನ್ಯ. ಕರ್ನಾಟಕದ ಮನೆಗಳಲ್ಲಿ ಒಮ್ಮೆ ‘ಜೈನ್’, ಒಮ್ಮೆ ಊರು-ತಂದೆಯ ಇನಿಷಿಯಲ್, ಮದುವೆಯ ನಂತರ ಮತ್ತೊಂದು ಹೆಸರು ಬಳಸುವುದರಿಂದ ಒಬ್ಬರದೇ ಕೆಲಸ ಮೂರು ಹೆಸರಿಗೆ ಹಂಚಿಹೋಗುತ್ತದೆ. ಇದಕ್ಕಾಗಿಯೇ 2012ರಲ್ಲಿ ಆರ್ಕಿಡ್ ಎಂಬ 16 ಸ್ಥಾನಗಳ ಉಚಿತ ಗುರುತಿನ ಸಂಖ್ಯೆ ಆರಂಭವಾಯಿತು. ಮೊದಲ ಪ್ರಬಂಧಕ್ಕೆ ಮುಂಚೆಯೇ ಅದನ್ನು ಪಡೆದು, ಒಂದೇ ಹೆಸರನ್ನು ಕೊನೆಯವರೆಗೂ ಬಳಸುವುದು ಒಳ್ಳೆಯದು.

ಹಣ ಕೇಳುವ ಪತ್ರಿಕೆಗಳು

“ಹಣ ಕಟ್ಟಿ, ವಾರದಲ್ಲಿ ಪ್ರಕಟಣೆ” ಎಂಬ ಸಂದೇಶಗಳು ವಿದ್ಯಾರ್ಥಿಗಳಿಗೆ ಬರುತ್ತಿರುತ್ತವೆ. ಒಳ್ಳೆಯ ಮುಕ್ತ ಪತ್ರಿಕೆಗಳೂ ಶುಲ್ಕ ಪಡೆಯುತ್ತವೆ, ಆದ್ದರಿಂದ ಶುಲ್ಕವೊಂದೇ ಮೋಸದ ಗುರುತಲ್ಲ. ತಜ್ಞರ ಪರಿಶೀಲನೆಯೇ ಇಲ್ಲದೆ ಒಪ್ಪಿಗೆ ಕೊಡುವುದು ಮೋಸದ ಗುರುತು. ಯುಜಿಸಿ 2022ರ ಪಿಎಚ್.ಡಿ. ನಿಯಮಗಳಲ್ಲಿ, ಮಹಾಪ್ರಬಂಧ ಸಲ್ಲಿಸುವ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಷರತ್ತನ್ನು ಕೈಬಿಟ್ಟಿದೆ. ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು. ಹಣ ಕಟ್ಟುವ ಮೊದಲು ಅಲ್ಲಿ ಲಿಖಿತವಾಗಿ ಕೇಳಿ ತಿಳಿಯಬೇಕು. ವೈದ್ಯವಿಜ್ಞಾನದ ಪತ್ರಿಕೆಯಾದರೆ ಪಬ್‌ಮೆಡ್‌ನಲ್ಲಿ, ಮುಕ್ತ ಪತ್ರಿಕೆಯಾದರೆ ಡಿಒಎಜೆ ಪಟ್ಟಿಯಲ್ಲಿ ಇದೆಯೇ ಎಂದು ಉಚಿತವಾಗಿ ನೋಡಬಹುದು. ಪ್ರಬಂಧವನ್ನು ಹಿಂಪಡೆಯಲಾಗಿದೆಯೇ ಎಂಬುದನ್ನು ‘ರಿಟ್ರಾಕ್ಷನ್ ವಾಚ್’ ಭಂಡಾರದಲ್ಲಿ ಹುಡುಕಬಹುದು.

ಕೆಲಸ ಮಾಡದವರ ಹೆಸರನ್ನು ಲೇಖಕರ ಸಾಲಿಗೆ ಸೇರಿಸುವುದು ಅಸತ್ಯ. ಕೆಲಸ ಮಾಡಿದವರ ಹೆಸರನ್ನು ಬಿಡುವುದು ಅಚೌರ್ಯ ಅಣುವ್ರತಕ್ಕೆ ವಿರುದ್ಧ. ಪ್ರಯೋಗಾಲಯದಲ್ಲೂ ವ್ರತಕ್ಕೆ ರಿಯಾಯಿತಿ ಇಲ್ಲ.

ಉಗ್ರಾದಿತ್ಯಾಚಾರ್ಯರ ಮಾದರಿ

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಜೈನ ವೈದ್ಯಾಚಾರ್ಯ ಉಗ್ರಾದಿತ್ಯರು ತಮ್ಮ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ದಲ್ಲಿ ಹಿಂದಿನವರನ್ನು ವಿಷಯವಾರು ಹೆಸರಿಸಿದ್ದಾರೆ. ಕಣ್ಣು, ಕಿವಿ, ಮೂಗಿನ ಚಿಕಿತ್ಸೆಗೆ ಪೂಜ್ಯಪಾದರು, ಶಸ್ತ್ರಚಿಕಿತ್ಸೆಗೆ ಪಾತ್ರಸ್ವಾಮಿ, ವಿಷಚಿಕಿತ್ಸೆಗೆ ಸಿದ್ಧಸೇನರು, ಕಾಯಚಿಕಿತ್ಸೆಗೆ ದಶರಥಗುರುಗಳು, ಮಕ್ಕಳ ರೋಗಕ್ಕೆ ಮೇಘನಾದರು. ಅವರ ಆ ವೈದ್ಯಗ್ರಂಥಗಳಲ್ಲಿ ಹೆಚ್ಚಿನವು ಇಂದು ಸಿಗುವುದಿಲ್ಲ. ಅವು ಇದ್ದವು ಎಂದು ತಿಳಿಯುವುದೇ ಈ ಉಲ್ಲೇಖದಿಂದ. ಇಲ್ಲಿ ಎಣಿಕೆಯಿಲ್ಲ; ಯಾರು ಯಾವ ಕೆಲಸ ಮಾಡಿದರು ಎಂಬುದಷ್ಟೇ ಇದೆ.

ಸಮಾಜದ ಸಂಘಗಳು ಸಂಶೋಧಕರನ್ನು ಸನ್ಮಾನಿಸುವಾಗ ಈ ಮಾದರಿ ಸಾಕು. ಸನ್ಮಾನ ಪತ್ರದಲ್ಲಿ ಎಚ್-ಇಂಡೆಕ್ಸ್ ಬರೆಯುವ ಬದಲು ಮೂರು ಸಾಲು ಬರೆಯಬಹುದು: ಅವರು ಯಾವ ಪ್ರಶ್ನೆಗೆ ಉತ್ತರ ಹುಡುಕಿದರು, ಅದರಲ್ಲಿ ಅವರ ಪಾಲು ಏನು, ಅದು ಯಾರಿಗೆ ಉಪಯೋಗವಾಯಿತು. ಗೈಡ್ ಆಯ್ಕೆ ಮಾಡುವ ಮಕ್ಕಳೂ ಇದೇ ಮೂರನ್ನು ಕೇಳಬೇಕು. ಜೊತೆಗೆ, ಆ ಗೈಡ್ ಬಳಿ ಓದಿದ ಹಿಂದಿನ ವಿದ್ಯಾರ್ಥಿಗಳ ಹೆಸರು ಪ್ರಬಂಧಗಳಲ್ಲಿ ಮೊದಲ ಸ್ಥಾನದಲ್ಲಿ ಇದೆಯೇ ಎಂದು ನೋಡಬೇಕು.