ಪಂಜೆ ಮಂಗೇಶರಾಯರು: ಬಂಟ್ವಾಳದ ಮಾಸ್ಟ್ರು, ಶಾಲಾ ಇನ್ಸ್‌ಪೆಕ್ಟರ್, ಮಕ್ಕಳ ಕವಿ

ಬಂಟ್ವಾಳ: ನಾಗರಹಾವಿನ ಹಾಡು ಕೇಳದೆ ಕನ್ನಡ ಶಾಲೆ ಮುಗಿಸಿದವರು ಈ ಜಿಲ್ಲೆಯಲ್ಲಿ ಕಡಿಮೆ. ಅಂಗಡಿಯ ಗಲ್ಲಾಪೆಟ್ಟಿಗೆ ಎದುರು ಕೂತಿರುವ ಅರವತ್ತು ದಾಟಿದವರನ್ನು ಕೇಳಿ ನೋಡಿ, ಎರಡು ಸಾಲಾದರೂ ಬಾಯಲ್ಲಿ ಉಂಟು. ಆದರೆ ಬರೆದವರು ಯಾರು ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಬರೆದವರು ಇದೇ ಬಂಟ್ವಾಳ ಪೇಟೆಯಲ್ಲಿ ಹುಟ್ಟಿದ ಒಬ್ಬ ಮಾಸ್ಟ್ರು. ಹಾಡು ಉಳಿದು ಹೆಸರು ಜಾರಿ ಹೋಗುತ್ತಿರುವುದರಿಂದ ಅವರ ಬಗ್ಗೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಹಿರಿಯರ ಮೂಲ ಸುಬ್ರಹ್ಮಣ್ಯ ಕಡೆಯ ಪಂಜ, ಹೆಸರಿನ ಮುಂದಿನ 'ಪಂಜೆ' ಅಲ್ಲಿಂದ ಬಂದದ್ದು. ಸಾರಸ್ವತರ ಮನೆ, ಮನೆಯೊಳಗೆ ಕೊಂಕಣಿ. ಅಂಗಳ ದಾಟಿದರೆ ತುಳು. ಕನ್ನಡ ಶಾಲೆಯಲ್ಲಿ, ಪುಸ್ತಕದಲ್ಲಿ. ಈ ಜಿಲ್ಲೆಯಲ್ಲಿ ಇದು ಇವತ್ತಿಗೂ ಹೊಸ ವಿಷಯ ಅಲ್ಲ. ಆದರೆ ಕನ್ನಡದ ಮಕ್ಕಳ ಸಾಹಿತ್ಯಕ್ಕೆ ದಾರಿ ಹಾಕಿದವರ ಮನೆಮಾತು ಕನ್ನಡ ಆಗಿರಲಿಲ್ಲ ಅನ್ನುವುದು ಬಯಲುಸೀಮೆಯವರಿಗೆ ಹೇಳಿದರೆ ಆಶ್ಚರ್ಯಪಡುತ್ತಾರೆ.

ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಪಂಜೆಯವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಕಾಲೇಜಿನಲ್ಲೇ ಹಾಯಾಗಿ ಕೂರಬಹುದಿತ್ತು. ಆಮೇಲೆ ಶಾಲಾ ಇನ್ಸ್‌ಪೆಕ್ಟರ್ ಕೆಲಸಕ್ಕೆ ಬಂದು ಹಳ್ಳಿ ಹಳ್ಳಿಯ ಪ್ರಾಥಮಿಕ ಶಾಲೆ ಸುತ್ತಿದರು. ಅವರ ಬದುಕಿನ ಮುಖ್ಯ ಭಾಗ ಇದೇ ಅನ್ನಬೇಕು.

ಆ ಕಾಲದ ಶಾಲೆ ಹೇಗಿತ್ತು ಅಂತ ಗೊತ್ತಿದ್ದರೆ ಮಾತ್ರ ಅವರು ಮಾಡಿದ್ದು ಏನು ಅಂತ ಅರ್ಥ ಆಗುತ್ತದೆ. ಊರಿನ ಐಗಳ ಮಠದಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ ಬೆರಳಲ್ಲಿ ಅಕ್ಷರ ತಿದ್ದುತ್ತಿದ್ದರು. ಮಗ್ಗಿ ಬಾಯಿಪಾಠ, ಹಳೆಗಾವ್ಯದ ಪದ್ಯ ಬಾಯಿಪಾಠ, ಅರ್ಥ ಆಯಿತೋ ಇಲ್ಲವೋ ಯಾರೂ ಕೇಳುವುದಿಲ್ಲ. ತಪ್ಪಿದರೆ ಬೆತ್ತ. ಇನ್ನೂ ಜಾಸ್ತಿ ತಪ್ಪಿದರೆ ಕೋದಂಡ, ಅಂದರೆ ಮಾಡಿನ ಪಕ್ಕಾಸಿಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ನೇತುಹಾಕುವುದು. ಸರ್ಕಾರಿ ಶಾಲೆ ಬಂದ ಮೇಲೂ ಬೆತ್ತ ಹೋಗಲಿಲ್ಲ. ಇನ್ಸ್‌ಪೆಕ್ಟರ್ ಬರ್ತಾರೆ ಅಂದರೆ ಮಕ್ಕಳಿಗಿಂತ ಮಾಸ್ಟ್ರಿಗೇ ಹೆದರಿಕೆ ಜಾಸ್ತಿ.

ಅಂಥ ಶಾಲೆಗೆ ಪಂಜೆಯವರು ತನಿಖೆಗೆ ಬಂದು ಮಕ್ಕಳ ನಡುವೆ ಕೂತು ಕಥೆ ಹೇಳುತ್ತಿದ್ದರಂತೆ, ಅಭಿನಯ ಮಾಡಿ ಹಾಡುತ್ತಿದ್ದರಂತೆ. ಮಾಸ್ಟ್ರಿಗೆ ಪಾಠ ಹೀಗೆ ಮಾಡಿ ಅಂತ ಭಾಷಣ ಕೊಡುವ ಬದಲು ಮಾಡಿ ತೋರಿಸುವುದು. ಮುಂದೆ ಮಂಗಳೂರಿನಲ್ಲಿ ಶಿಕ್ಷಕರ ತರಬೇತಿ ಶಾಲೆಯ ಹೊಣೆಯನ್ನೂ ನೋಡಿಕೊಂಡರು. ಈಗ ಮಕ್ಕಳಿಗೆ ಆಪ್ತಸಲಹೆ ಬೇಕು, ಮಾಸ್ಟ್ರಿಗೆ ಮಾರ್ಗದರ್ಶನ ಬೇಕು ಅಂತೆಲ್ಲ ಇಲಾಖೆಯ ಸುತ್ತೋಲೆ ಬರುತ್ತದೆ. ಆಗ ಅಂಥ ಹುದ್ದೆಯೇ ಇರಲಿಲ್ಲ. ಆ ಕೆಲಸ ಮಾತ್ರ ಪಂಜೆಯವರು ಮಾಡುತ್ತಿದ್ದರು.

ಇನ್ನೊಂದು ತೊಂದರೆ ಉಂಟು. ಹಾಡಿಸುವುದು ಏನನ್ನು? ಮಕ್ಕಳ ಬಾಯಿಗೆ ಹಿಡಿಸುವ ಪದ್ಯ ಕನ್ನಡದಲ್ಲಿ ಬರೆದಿಟ್ಟದ್ದು ತೀರಾ ಕಡಿಮೆ. ಹಾಗಾಗಿ ತಾವೇ ಬರೆದರು. ನಾಗರಹಾವಿನ ಪದ್ಯ ತೆಗೆದುಕೊಳ್ಳಿ. ಮಗು ಬಿಲದಲ್ಲಿರುವ ಹಾವನ್ನು ಕೈಮುಗಿದು ಕರೆಯುತ್ತದೆ, ಹಾಲು ಕೊಡುತ್ತೇನೆ ಅನ್ನುತ್ತದೆ, ಕೊಳಲು ಊದುತ್ತೇನೆ ಅನ್ನುತ್ತದೆ. ಕೊನೆಗೆ ಅದೇ ಮಗು ಹೊರಗೆ ಹೋಗು ಅನ್ನುತ್ತದೆ. ನಮ್ಮ ಕಡೆ ಹಾವಿನ ಬಗ್ಗೆ ಇರುವುದೇ ಇದು: ಭಕ್ತಿಯೂ ಹೌದು, ಹೆದರಿಕೆಯೂ ಹೌದು. ನಾಗಬನದ ಪಕ್ಕ ಬೆಳೆದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದಗಳೋ, ಒಂದಕ್ಕೊಂದು ತಾಗಿಕೊಂಡು ಹೋಗುವಂಥವು, ಕುಣಿದರೂ ತಾಳ ತಪ್ಪುವುದಿಲ್ಲ. 'ತೆಂಕಣ ಗಾಳಿಯಾಟ'ದಲ್ಲಿ ನಮ್ಮ ಕರಾವಳಿಯ ಗಾಳಿ ಬೀಸುವ ರಭಸವೇ ಪದಗಳಲ್ಲಿ ಕೇಳುತ್ತದೆ. 'ಉದಯರಾಗ', 'ಡೊಂಬರ ಚೆನ್ನೆ' ಕೂಡ ಅವರದ್ದೇ.

ಕಥೆಗಳಲ್ಲಿ 'ಸಿಗಡಿ ಯಾಕೆ ಒಣಗಲಿಲ್ಲ' ಎಲ್ಲರಿಗಿಂತ ನಮ್ಮ ಜಿಲ್ಲೆಯವರಿಗೆ ಹತ್ತಿರ. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ, ಯಾಕೆ? ಹುಲ್ಲು ಅಡ್ಡ. ಹುಲ್ಲು ಯಾಕೆ ಅಡ್ಡ? ದನ ತಿನ್ನಲಿಲ್ಲ. ಹೀಗೆ ಒಂದು ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟುವ ಸರಪಳಿ ಕಥೆ. ಒಣಮೀನು ಮಾರುವವರ ಮನೆಯ ಮಗುವಿಗೆ ತನ್ನ ಮನೆ ಅಂಗಳವೇ ಪಾಠವಾಗಿ ಬಂದರೆ ಹೇಗಾಗಬೇಡ! ಬರೆದವರು ಸಾರಸ್ವತ ಪಂಡಿತರು ಅನ್ನುವುದನ್ನು ಮರೆಯಬೇಡಿ. ಇದೇ ಪಂಜೆಯವರು ಹಳಗನ್ನಡ ವ್ಯಾಕರಣ 'ಶಬ್ದಮಣಿದರ್ಪಣ'ವನ್ನು ಬಲ್ಮಠದ ಬಾಸೆಲ್ ಮಿಶನ್ ಪ್ರೆಸ್ಸಿಗಾಗಿ ಪರಿಷ್ಕರಿಸಿದವರು. ಶಾಲೆಗಳಿಗಾಗಿ ಪದ್ಯಪುಸ್ತಕಗಳನ್ನೂ ಸಂಪಾದಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಶುರುವಾದದ್ದು ಅವರ ಮುಂದಾಳುತನದಲ್ಲಿ.

ದೊಡ್ಡವರಿಗೂ ಬರೆದಿದ್ದಾರೆ. 1900ರ ಹೊತ್ತಿಗೆ ಮಂಗಳೂರಿನ 'ಸುವಾಸಿನಿ' ಮಾಸಪತ್ರಿಕೆಯಲ್ಲಿ ಬಂದ ಅವರ ಕಥೆಗಳನ್ನು ಕನ್ನಡದ ಮೊದಲ ಸಣ್ಣಕಥೆಗಳು ಅಂತ ಹಲವರು ಲೆಕ್ಕ ಹಾಕುತ್ತಾರೆ. ತುಳು ಪಾಡ್ದನದ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದರು. ಗದ್ದೆಯಲ್ಲಿ ಹಾಡುವುದು ಪುಸ್ತಕಕ್ಕೆ ಬರುವಷ್ಟು ದೊಡ್ಡದು ಅಂತ ವಿದ್ಯಾವಂತರು ಒಪ್ಪದ ಕಾಲ ಅದು.

ಇಷ್ಟೆಲ್ಲ ಬರೆದವರ ಹೆಸರು ಯಾಕೆ ಮರೆತುಹೋಯಿತು? ಒಂದು ಕಾರಣ ಅವರೇ. 'ಕವಿಶಿಷ್ಯ', 'ಹರಟೆಮಲ್ಲ', 'ರಾ.ಮ.ಪಂ.' ಅಂತ ಬೇರೆ ಬೇರೆ ಹೆಸರಲ್ಲಿ ಬರೆದರು. ಕವಿ ಅಂತ ಹೇಳಿಕೊಳ್ಳದೆ ಕವಿಯ ಶಿಷ್ಯ ಅಂದದ್ದು ನೋಡಿ. ಇನ್ನೊಂದು ಕಾರಣ, ಹಾಡು ಬಾಯಿಂದ ಬಾಯಿಗೆ ಹೋದಾಗ ಪಠ್ಯಪುಸ್ತಕದ ಕೆಳಗಿನ ಸಣ್ಣ ಅಕ್ಷರದ ಹೆಸರು ಜೊತೆಗೆ ಹೋಗುವುದಿಲ್ಲ. ಬಿಡಿಬಿಡಿಯಾಗಿ ಚದುರಿದ್ದ ಬರಹಗಳು ಸಂಪುಟಗಳಾಗಿ ಬಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷದ ನಂತರ, 1970ರ ದಶಕದಲ್ಲಿ.

ಮಡಿಕೇರಿಯವರು ಮಾತ್ರ ಅವರನ್ನು ಬೇರೆ ರೀತಿಯಲ್ಲಿ ಇಟ್ಟುಕೊಂಡಿದ್ದಾರೆ. ಕೊಡಗು ಆಗ ಬ್ರಿಟಿಷರ ಚೀಫ್ ಕಮಿಷನರ್ ಕೈಯಲ್ಲಿದ್ದ ಪ್ರತ್ಯೇಕ ಪ್ರಾಂತ್ಯ. ಅಲ್ಲಿನ ಸೆಂಟ್ರಲ್ ಹೈಸ್ಕೂಲಿಗೆ ಪಂಜೆಯವರು ಹೆಡ್‌ಮಾಸ್ಟ್ರಾಗಿ ಹೋದರು. ಘಟ್ಟ ಹತ್ತಿದವರು ಕೊಡವರ ಸುಗ್ಗಿಹಬ್ಬ ನೋಡಿ 'ಹುತ್ತರಿಯ ಹಾಡು' ಬರೆದರು. ಹೊರಗಿನಿಂದ ಬಂದ ಒಬ್ಬ ಮಾಸ್ಟ್ರ ಹಾಡನ್ನು ಕೊಡಗಿನವರು ತಮ್ಮ ನಾಡಗೀತೆ ಅನ್ನುವಷ್ಟು ಸ್ವಂತ ಮಾಡಿಕೊಂಡರು. ಕೊಡಗಿನ ಸಮಾರಂಭಗಳಲ್ಲಿ ಇವತ್ತಿಗೂ ಹಾಡುತ್ತಾರೆ. ಸರ್ಕಾರಿ ನೌಕರಿಯ ಕೊನೆಯ ವರ್ಷಗಳು ಅವರಿಗೆ ಅಲ್ಲೇ ಕಳೆದವು.

ನಿವೃತ್ತಿಯ ನಂತರ, 1934ರಲ್ಲಿ, ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ರಾಯಚೂರು ಆಗ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು, ಆಡಳಿತ ಉರ್ದುವಿನಲ್ಲಿ. ಕನ್ನಡದವರು ಮದ್ರಾಸ್, ಮುಂಬಯಿ, ಮೈಸೂರು, ಹೈದರಾಬಾದ್, ಕೊಡಗು ಅಂತ ಹಂಚಿಹೋಗಿದ್ದ ದಿನಗಳು. ಕನ್ನಡ ಶಾಲೆಗೇ ಕಷ್ಟ ಇದ್ದ ಸೀಮೆಯಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಸರಿಯಾಗಿಯೇ ಇತ್ತು.

ಮೂರು ವರ್ಷದ ನಂತರ, 1937ರ ಅಕ್ಟೋಬರಿನಲ್ಲಿ, ಹೈದರಾಬಾದಿನಲ್ಲಿ ತೀರಿಕೊಂಡರು. ವಯಸ್ಸು 63.

ಮನೆಯಲ್ಲಿ ಹಳೆಯ ಕನ್ನಡ ಪಠ್ಯಪುಸ್ತಕ ಇದ್ದರೆ ಗುಜರಿಗೆ ಹಾಕುವ ಮೊದಲು ಪದ್ಯಭಾಗ ಒಮ್ಮೆ ತಿರುವಿ ನೋಡಬಹುದು. 'ಕವಿಶಿಷ್ಯ' ಅಂತ ಇದ್ದರೆ ಅದು ಬಂಟ್ವಾಳದ ಪಂಜೆ ಮಾಸ್ಟ್ರದ್ದು.