ಅಪಸ್ವರ ಎಲ್ಲಿಂದ ಬಂತು?

1916ರ ಜುಲೈ 1ರಂದು ಫ್ರಾನ್ಸಿನ ಸೋಮ್ ನದಿಯ ಬಳಿ ಒಂದೇ ದಿನ ಬ್ರಿಟಿಷ್ ಸೇನೆಯ 19 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲೊಬ್ಬ, ಜೆ.ಆರ್.ಆರ್. ಟೋಲ್ಕಿನ್ ಎಂಬ ತರುಣ ಸೇನಾಧಿಕಾರಿಯ ಶಾಲಾ ಗೆಳೆಯ. ಡಿಸೆಂಬರಿನಲ್ಲಿ ಇನ್ನೊಬ್ಬ ಗೆಳೆಯನೂ ಹೋದ. ಕಂದಕದ ಜ್ವರ ಹಿಡಿದು ಊರಿಗೆ ಮರಳಿದ ಟೋಲ್ಕಿನ್ ಬದುಕುಳಿದರು. ಯುದ್ಧ ಮುಗಿದ ಮೇಲೆ, ಆಕ್ಸ್‌ಫರ್ಡಿನಲ್ಲಿ ನಿಘಂಟಿನ ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ಅವರೊಂದು ಸೃಷ್ಟಿಕಥೆ ಬರೆದರು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾ ನೋಡಿದವರೆಲ್ಲ ಈ ಕಥೆಯನ್ನು ಓದಿರಲಾರರು. ಅದು ಅಚ್ಚಾದದ್ದು ಅವರು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1977ರಲ್ಲಿ, 'ದಿ ಸಿಲ್ಮರಿಲಿಯನ್' ಗ್ರಂಥದ ಆರಂಭದಲ್ಲಿ.

ಕಥೆಯಲ್ಲಿ ಇಲೂವತಾರ್ ಎಂಬ ಏಕೈಕ ದೇವರು ಮೊದಲು ಐನೂರ್ ಎಂಬ ಪವಿತ್ರ ಜೀವಿಗಳನ್ನು ಸೃಷ್ಟಿಸಿ, ಒಂದು ರಾಗ ಕೊಟ್ಟು ಹಾಡಿಸುತ್ತಾನೆ. ಅವರಲ್ಲಿ ಅತಿ ಬಲಶಾಲಿಯಾದ ಮೆಲ್ಕೋರ್ ತನ್ನದೇ ಸ್ವರ ಸೇರಿಸುತ್ತಾನೆ. ಗಾನ ಕಲಕಿಹೋಗುತ್ತದೆ. ದೇವರು ಹೊಸ ರಾಗ ಎತ್ತಿದಷ್ಟೂ ಅಪಸ್ವರ ಜೋರಾಗುತ್ತದೆ. ಕೊನೆಗೆ ಗಾನವನ್ನು ನಿಲ್ಲಿಸಿ ದೇವರು ಹೇಳುವುದರ ತಾತ್ಪರ್ಯ ಇಷ್ಟು: ನನ್ನಲ್ಲಿ ಮೂಲವಿಲ್ಲದ ಸ್ವರ ಯಾವುದೂ ಇಲ್ಲ, ನೀನು ಕೆಡಿಸಲು ಹೊರಟದ್ದೂ ನೀನು ಊಹಿಸದ ಸೊಬಗಿಗೆ ಸಾಧನವಾಗುತ್ತದೆ. ಮೆಲ್ಕೋರ್ ನೀರನ್ನು ಕೆಡಿಸಲು ಕಡುಚಳಿ ತಂದ. ಅದರಿಂದ ಹಿಮದ ಹರಳುಗಳಾದವು.

ಹಿಮದ ಹರಳು ಚಂದವೇ. ಆದರೆ ಆ ಚಳಿಯಲ್ಲಿ ಸೆಡೆತು ಸತ್ತವನಿಗೆ ಈ ಉತ್ತರ ಸಾಕೇ? ಗೆಳೆಯರನ್ನು ಕಳೆದುಕೊಂಡವರು ಇದನ್ನು ಹಗುರವಾಗಿ ಬರೆದಿರಲಾರರು.

ಪ್ರಶ್ನೆ ಹಳೆಯದು. ಎಲ್ಲವೂ ದೇವರಿಗೆ ಮೊದಲೇ ಗೊತ್ತಿದ್ದರೆ ತಪ್ಪು ಮಾಡಿದವನ ಹೊಣೆ ಏನು? ಎಂಟನೇ ಶತಮಾನದ ಬಸ್ರಾದಲ್ಲಿ ಕದರಿಯ್ಯಾ ಪಂಥದವರು ಮನುಷ್ಯನ ಕರ್ಮ ಮನುಷ್ಯನದೇ ಎಂದು ವಾದಿಸಿದರು. ಜಬ್ರಿಯ್ಯಾದವರು ಅದನ್ನು ಒಪ್ಪಲಿಲ್ಲ. ಅದಕ್ಕೂ ಮೊದಲು, ಆರನೇ ಶತಮಾನದಲ್ಲಿ, ಇಟಲಿಯ ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತಿದ್ದ ಬೊಯಿಥಿಯಸ್, ದೇವರು ಕಾಲದೊಳಗಿದ್ದು ಮುಂದೆ ನೋಡುವವನಲ್ಲ, ಎಲ್ಲ ಕಾಲವನ್ನೂ ಒಟ್ಟಿಗೆ ಕಾಣುವವನು, ಹಾಗಾಗಿ ಅವನ ಅರಿವು ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂದು ಬರೆದ. ಆ ಗ್ರಂಥದ ಹಳೆಯ ಇಂಗ್ಲಿಷ್ ಅನುವಾದ ಆಲ್ಫ್ರೆಡ್ ದೊರೆಯ ಹೆಸರಿನಲ್ಲಿದೆ. ಹಳೆಯ ಇಂಗ್ಲಿಷೇ ಟೋಲ್ಕಿನ್ ಪಾಠ ಹೇಳುತ್ತಿದ್ದ ವಿಷಯ. ಅವರ ಕಥೆಯಲ್ಲಿ ಆ ಗಾನ ಉಳಿದೆಲ್ಲಕ್ಕೂ ವಿಧಿಯಂತೆ. ಮನುಷ್ಯರಿಗೆ ಮಾತ್ರ ಅದನ್ನು ಮೀರಿ ಬಾಳನ್ನು ರೂಪಿಸಿಕೊಳ್ಳುವ ವರವಿದೆ. ಸಾವೂ ಅದೇ ವರದ ಇನ್ನೊಂದು ಮುಖ!

ಲೆಕ್ಕ ತಪ್ಪುವುದು ಓರ್ಕ್‌ಗಳ ವಿಷಯದಲ್ಲಿ. ಕೇಡಿಗೆ ಸೃಷ್ಟಿಸುವ ಶಕ್ತಿಯಿಲ್ಲ, ಕೆಡಿಸುವುದಷ್ಟೇ ಗೊತ್ತು ಎಂಬುದು ಕ್ಯಾಥೊಲಿಕ್ ಶ್ರದ್ಧೆಯ ಟೋಲ್ಕಿನ್ನರ ನಿಲುವು. ಹಾಗಾದರೆ ಮೆಲ್ಕೋರನ ಸೈನ್ಯದ ಈ ಓರ್ಕ್‌ಗಳು ಯಾರು? ಸೆರೆಹಿಡಿದು ಹಿಂಸಿಸಿ ಕೆಡಿಸಿದ ಎಲ್ಫ್‌ಗಳು ಎನ್ನುತ್ತದೆ ಅಚ್ಚಾದ ಗ್ರಂಥ. ಹಾಗಿದ್ದರೆ ಅವರಿಗೂ ಆತ್ಮವಿದೆ, ಹುಟ್ಟಿದ ಮಗು ಯಾವ ತಪ್ಪೂ ಮಾಡಿಲ್ಲ. ಕಥೆಯ ವೀರರು ಮಾತ್ರ ಅವರನ್ನು ಕಳೆ ಕಿತ್ತಂತೆ ಕೊಲ್ಲುತ್ತಾರೆ. 1954ರ ಒಂದು ಪತ್ರದ ಕರಡಿನಲ್ಲಿ, ಅವರಿಗೆ ಉದ್ಧಾರವೇ ಇಲ್ಲ ಎನ್ನಲು ಟೋಲ್ಕಿನ್ ಹಿಂಜರಿದರು. ಮುಂದೆ ಮೃಗಗಳೋ, ಮನುಷ್ಯರೋ ಎಂದು ಬಗೆಬಗೆಯಾಗಿ ಯೋಚಿಸಿದರು, ಒಂದಕ್ಕೂ ಕಟ್ಟುಬೀಳಲಿಲ್ಲ. ನನಗೆ ಇದು ಕಥೆಗಾರನ ಸೋಲಾಗಿ ಕಾಣುವುದಿಲ್ಲ. ಶತ್ರುವಿನ ಇಡೀ ಕುಲವನ್ನೇ ಹುಟ್ಟುಕೇಡಿಗಳು ಎಂದುಬಿಟ್ಟಿದ್ದರೆ ಅವರ ಕೆಲಸ ಸುಲಭವಾಗುತ್ತಿತ್ತು.

1959ರ ಸುಮಾರಿಗೆ ಅವರು ಬರೆದ ಒಂದು ಸಂಭಾಷಣೆಯಲ್ಲಿ ಆಂಡ್ರೆತ್ ಎಂಬ ಹೆಂಗಸು ಎಲ್ಫ್‌ಗಳ ದೊರೆ ಫಿನ್‌ರೋಡನನ್ನು ಎದುರಿಸಿ ಮಾತಾಡುತ್ತಾಳೆ. ಸಾವು ವರವಲ್ಲ, ಮೆಲ್ಕೋರ್ ನಮ್ಮ ಮೇಲೆ ಹೇರಿದ್ದು ಎನ್ನುತ್ತಾಳೆ. ಒಂದು ಇಡೀ ಜನಾಂಗದ ಗತಿಯನ್ನು ಬದಲಿಸುವ ಶಕ್ತಿ ಅವನಿಗಿಲ್ಲ, ಹಾಗಾದರೆ ನೀವು ಮಾಡಿದ್ದೇನು ಎಂದು ಫಿನ್‌ರೋಡ್ ಕೇಳಿದಾಗ ಉತ್ತರಿಸಲು ಒಪ್ಪುವುದಿಲ್ಲ. ಅವನು ದೇವರ ಮೇಲಿನ ಭರವಸೆಯ ಮಾತಾಡುತ್ತಾನೆ. ಅವಳಿಗೋ ವಯಸ್ಸಾಗಿದೆ, ಅವಳು ಪ್ರೀತಿಸಿದ್ದು ಫಿನ್‌ರೋಡನ ತಮ್ಮನನ್ನು, ಮುಪ್ಪಿಲ್ಲದವನನ್ನು. 1977ರ ಗ್ರಂಥದಲ್ಲಿ ಈ ಸಂಭಾಷಣೆ ಇಲ್ಲ. ಅದು ಅಚ್ಚಾದದ್ದು 1993ರಲ್ಲಿ.