ಸರ್ ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (27 ಮೇ 1761 – 6 ಜುಲೈ 1827) ಸ್ಕಾಟ್ಲೆಂಡಿನಲ್ಲಿ ಜನಿಸಿದ ಬ್ರಿಟಿಷ್ ಸೇನಾಧಿಕಾರಿ, ಕಂದಾಯ ಆಡಳಿತಗಾರ ಹಾಗೂ ಮದರಾಸು ಪ್ರಾಂತದ ಗವರ್ನರ್. ಹೊಸಪೇಟೆ, ಹಂಪಿ ಮತ್ತು ಕಂಪ್ಲಿ ಸೀಮೆಗಳು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಾಗ ಆ ಪ್ರದೇಶದ ಮೊದಲ ಪ್ರಧಾನ ಕಲೆಕ್ಟರನಾಗಿದ್ದವನು ಈತ. ಸಂಡೂರು ಸಂಸ್ಥಾನವನ್ನು 1817ರಲ್ಲಿ ಅದರ ಅರಸನಿಂದ ವಶಪಡಿಸಿಕೊಂಡವನೂ, ಮುಂದೆ ಅದು ಅದೇ ಅರಸನಿಗೆ ಮರಳುವಂತೆ ಶಿಫಾರಸು ಮಾಡಿದವನೂ ಈತನೇ.

ಆರಂಭಿಕ ಜೀವನ

ಮನ್ರೋ ಗ್ಲಾಸ್ಗೋ ನಗರದ ವರ್ತಕರ ಮನೆತನಕ್ಕೆ ಸೇರಿದವನು. ತಂದೆಯದು ಅಮೆರಿಕದ ವರ್ಜೀನಿಯಾದೊಡನೆ ನಡೆಯುತ್ತಿದ್ದ ವ್ಯಾಪಾರ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಿಂದ ಆ ವ್ಯಾಪಾರ ನೆಲಕಚ್ಚಿತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ್ದ ಮನ್ರೋ ಕಂಪನಿಯ ಕಾಲಾಳು ಪಡೆಗೆ ಸೇರಿ 1780ರಲ್ಲಿ ಮದರಾಸಿಗೆ ಬಂದನು. ಹೈದರ್ ಅಲಿ ಹಾಗೂ ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧಗಳಲ್ಲಿ ಪಾಲ್ಗೊಂಡನು. 1792ರಿಂದ 1799ರವರೆಗೆ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತನು. ಶ್ರೀರಂಗಪಟ್ಟಣದ ಪತನದ ಬಳಿಕ ಕೆಲಕಾಲ ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದನು.

ದತ್ತ ಮಂಡಲದ ಕಲೆಕ್ಟರ್

ಟಿಪ್ಪುವಿನಿಂದ ತನಗೆ ದೊರೆತಿದ್ದ ಪ್ರದೇಶಗಳನ್ನು ಹೈದರಾಬಾದಿನ ನಿಜಾಮನು 1800ರ ಅಕ್ಟೋಬರಿನಲ್ಲಿ, ತನ್ನ ರಕ್ಷಣೆಗೆ ಇರಿಸಿದ್ದ ಕಂಪನಿ ಸೈನ್ಯದ ವೆಚ್ಚಕ್ಕಾಗಿ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಬಂದ ಬಳ್ಳಾರಿ, ಅನಂತಪುರ ಮತ್ತು ಕಡಪ ಸೀಮೆಗಳಿಗೆ ದತ್ತ ಮಂಡಲವೆಂಬ ಹೆಸರು ಬಂದಿತು. ತುಂಗಭದ್ರೆಯ ದಕ್ಷಿಣ ದಂಡೆಯ ಹಂಪಿ, ಕಂಪ್ಲಿಗಳು ಕಂಪನಿಯ ಪಾಲಾದವು. ಎದುರು ದಂಡೆಯ ಆನೆಗೊಂದಿ ನಿಜಾಮನ ಸೀಮೆಯಲ್ಲಿ ಉಳಿಯಿತು. ಒಂದು ಕಾಲಕ್ಕೆ ಒಂದೇ ರಾಜಧಾನಿಯ ಎರಡು ದಂಡೆಗಳಾಗಿದ್ದ ಊರುಗಳ ನಡುವೆ ಹೊಳೆಯೇ ಗಡಿಯಾಯಿತು.

ಅನಂತಪುರವನ್ನು ಕೇಂದ್ರವಾಗಿಸಿಕೊಂಡ ಮನ್ರೋ 1807ರವರೆಗೆ ಇಲ್ಲಿದ್ದನು. ಹೆಚ್ಚಿನ ಕಾಲವನ್ನು ಊರೂರು ಸುತ್ತುತ್ತ ಡೇರೆಗಳಲ್ಲಿ ಕಳೆದನು. ಮಂಡಲದಲ್ಲಿ ಆಗ ಎಂಬತ್ತು ಮಂದಿ ಪಾಳೆಯಗಾರರಿದ್ದರು. ಅವರ ದಂಡುಗಳನ್ನು ವಿಸರ್ಜಿಸಿ ಹಲವರನ್ನು ಅಧಿಕಾರದಿಂದ ಕೆಳಗಿಳಿಸಿದ ರೀತಿ ಅತಿ ಕಠಿಣವೆಂದು ಲಂಡನ್ನಿನ ಕಂಪನಿ ನಿರ್ದೇಶಕರೇ ಆಕ್ಷೇಪಿಸಿದ್ದರು.

1802ರಲ್ಲಿ ಆರಂಭವಾದ ಭೂಮಾಪನದಲ್ಲಿ 33 ಅಡಿಯ ಸರಪಣಿ ಬಳಕೆಯಾಯಿತು. ಆ ಸರಪಣಿಯ ಒಂದು ಚೌಕಕ್ಕೆ ನಲವತ್ತರ ಲೆಕ್ಕದಲ್ಲಿ ಒಂದು ಎಕರೆ. ಇಂದಿನ ಪಹಣಿಯಲ್ಲಿ ಕಾಣುವ ಗುಂಟೆಯ ಅಳತೆಯೂ ಇದೇ. ಮಧ್ಯವರ್ತಿಯಿಲ್ಲದೆ ಪ್ರತಿಯೊಬ್ಬ ರೈತನೊಡನೆ ಸರ್ಕಾರ ನೇರವಾಗಿ ಕಂದಾಯ ಗೊತ್ತುಪಡಿಸುವ ಈ ಕ್ರಮವೇ ರೈತವಾರಿ ಪದ್ಧತಿ. ರೈತನಿಗೆ ಭೂಮಿಯ ಮೇಲೆ ಹಕ್ಕು ದೊರಕಿಸಿದ್ದು ಇದರ ಗುಣ. ಆದರೆ ದರ ಮಾತ್ರ ಹೊರಲಾರದಷ್ಟಿತ್ತು. ಬೆಳೆಯ ಸುಮಾರು ನೂರಕ್ಕೆ 45 ಭಾಗ ಸರ್ಕಾರಕ್ಕೆ ಸೇರುತ್ತಿತ್ತು. ಇದನ್ನರಿತ ಮನ್ರೋ 1807ರಲ್ಲಿ ಕಾಲುಭಾಗ ಇಳಿಸುವಂತೆ ಶಿಫಾರಸು ಮಾಡಿದನು. ಮೇಲಿನವರು ಒಪ್ಪಲಿಲ್ಲ. ಅವನು ತೆರಳಿದ ಮೇಲೆ ಗ್ರಾಮಗಳನ್ನು ಗುತ್ತಿಗೆಗೆ ಕೊಡಲಾಯಿತು. ಆ ಕಡಿತ ಜಾರಿಗೆ ಬರಲು ಅವನೇ ಗವರ್ನರ್ ಆಗಬೇಕಾಯಿತು.

ಸಂಡೂರಿನ ಪ್ರಸಂಗ

ಸುತ್ತಲೂ ಕಂಪನಿಯ ನೆಲವಿದ್ದರೂ ಬೆಟ್ಟಗಳ ನಡುವಿನ ಸಂಡೂರು ಮರಾಠ ಘೋರ್ಪಡೆ ಮನೆತನದ ಕೈಯಲ್ಲಿತ್ತು. ಎರಡನೆಯ ಬಾಜಿರಾಯ ಪೇಶ್ವೆ ಅದು ತನಗೆ ಸೇರಬೇಕೆಂದು ವಾದಿಸುತ್ತಿದ್ದನು. ಕುಮಾರಸ್ವಾಮಿ ದೇವಾಲಯದ ಯಾತ್ರೆಯ ನೆಪದಲ್ಲಿ 1815ರಲ್ಲಿ ಅದನ್ನು ಹಿಡಿಯಲು ಯತ್ನಿಸಿ ವಿಫಲನಾದನು. ಬಳಿಕ ಅವನು ಒಪ್ಪಂದದ ಪ್ರಕಾರ ಬ್ರಿಟಿಷರ ನೆರವು ಕೇಳಿದನು. 1817ರ ಅಕ್ಟೋಬರಿನಲ್ಲಿ ಮನ್ರೋ ಸೈನ್ಯದೊಡನೆ ಸಂಡೂರಿಗೆ ಬಂದನು. ಅರಸ ಶಿವರಾವ್ ಘೋರ್ಪಡೆ ಯುದ್ಧ ಮಾಡದೆ ಶರಣಾದನು.

ಯಾರ ಪರವಾಗಿ ಈ ಕಾರ್ಯ ನಡೆಯಿತೋ ಆ ಪೇಶ್ವೆಯೇ ಮರುತಿಂಗಳು ಬ್ರಿಟಿಷರ ಮೇಲೆ ಯುದ್ಧ ಹೂಡಿದನು. ಮನ್ರೋ ಸ್ಥಳೀಯರನ್ನೇ ಕೂಡಿಸಿಕೊಂಡು ಅಲ್ಪ ಸೈನ್ಯದಿಂದ ಬಾದಾಮಿ, ಬೆಳಗಾವಿ, ಸೊಲ್ಲಾಪುರಗಳನ್ನು ಗೆದ್ದನು. ಮನ್ರೋನ ಶಿಫಾರಸಿನಂತೆ 1818ರಲ್ಲಿ ಸಂಡೂರು ಶಿವರಾವನಿಗೆ ಹಿಂದಿರುಗಿತು. 1826ರಲ್ಲಿ, ಮನ್ರೋ ಗವರ್ನರ್ ಆಗಿದ್ದಾಗ, ಸಂಸ್ಥಾನಕ್ಕೆ ಸನದು ದೊರೆಯಿತು. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿಯೇ ಉಳಿಯಿತು.

ರಾಜಕಾರಣ ಮತ್ತು ಗವರ್ನರ್ ಹುದ್ದೆ

1807ರಲ್ಲಿ ತಾಯ್ನಾಡಿಗೆ ಮರಳಿದ್ದ ಅವಧಿಯಲ್ಲಿ, ಕಂಪನಿಯ ಸನ್ನದಿನ ನವೀಕರಣ ಚರ್ಚೆಗೆ ಬಂದಾಗ, ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಯ ಮುಂದೆ ಮನ್ರೋ ಸಾಕ್ಷ್ಯ ನುಡಿದನು. 1820ರಲ್ಲಿ ಮದರಾಸಿನ ಗವರ್ನರ್ ಆದನು. 1825ರಲ್ಲಿ ಬ್ಯಾರೊನೆಟ್ ಪದವಿ ದೊರೆಯಿತು. ಇದು ವಂಶಪಾರಂಪರ್ಯವಾದ ಗೌರವ. ಆದರೆ ಲಾರ್ಡ್ಸ್ ಸಭೆಯ ಸ್ಥಾನ ಇದರಿಂದ ಬರುವುದಿಲ್ಲ. ಭಾರತೀಯರು ತಮ್ಮನ್ನು ತಾವು ಆಳಿಕೊಳ್ಳಬಲ್ಲವರಾದಾಗ ಬ್ರಿಟಿಷರು ಅಧಿಕಾರವನ್ನು ಬಿಟ್ಟುಕೊಡಬೇಕೆಂಬ ಅಭಿಪ್ರಾಯವನ್ನು 1824ರ ಡಿಸೆಂಬರಿನ ಟಿಪ್ಪಣಿಯಲ್ಲಿ ಬರೆದಿಟ್ಟನು.

1822ರಲ್ಲಿ ಪ್ರಾಂತದ ದೇಶೀ ಶಾಲೆಗಳ ಲೆಕ್ಕ ಕಳುಹಿಸುವಂತೆ ಎಲ್ಲ ಕಲೆಕ್ಟರರಿಗೆ ಸೂಚಿಸಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಈ ಪ್ರದೇಶದ ಶಿಕ್ಷಣದ ಇತಿಹಾಸಕ್ಕೆ ಅಮೂಲ್ಯ ಆಕರ. ಅದರಂತೆ 9,27,857 ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226. ಇಂಗ್ಲಿಷ್ ಶಾಲೆ ಒಂದೇ ಒಂದು. ಹೆಣ್ಣುಮಕ್ಕಳು ಅರವತ್ತು ಮಂದಿ ಮಾತ್ರ. ಜನರ ಬಡತನ ಹೆಚ್ಚಿ ಶಾಲೆಗಳು ಕ್ಷೀಣಿಸುತ್ತಿವೆ, ಹಿಂದಿನ ಅರಸರು ಕೊಡುತ್ತಿದ್ದ ಆಶ್ರಯ ನಿಂತಿದೆ ಎಂದು ಕ್ಯಾಂಪ್‌ಬೆಲ್ ಮುಚ್ಚುಮರೆಯಿಲ್ಲದೆ ಬರೆದನು. ಬಡತನದ ಈ ಮಾತನ್ನು ಓದುವಾಗ ಮೇಲೆ ಹೇಳಿದ ಕಂದಾಯದ ದರವನ್ನು ಮರೆಯುವಂತಿಲ್ಲ.

ಮರಣ ಮತ್ತು ಸ್ಮರಣೆ

ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲವನ್ನು ಕೊನೆಯದಾಗಿ ನೋಡಲು ಹೊರಟ ಮನ್ರೋ, ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡನು. ಗುತ್ತಿಯಲ್ಲಿ ಸಮಾಧಿ ಮಾಡಲಾಯಿತು. 1831ರಲ್ಲಿ ಅವಶೇಷಗಳನ್ನು ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಸಾಗಿಸಲಾಯಿತು. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ರೂಪಿಸಿದ ಅವನ ಅಶ್ವಾರೂಢ ಪ್ರತಿಮೆ ಚೆನ್ನೈಯಲ್ಲಿದೆ. ಅದರ ಕುದುರೆಗೆ ಜೀನೂ ಇಲ್ಲ, ರಿಕಾಪೂ ಇಲ್ಲ.

ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಎದ್ದುಬಂದು ಮನ್ರೋನೊಡನೆ ಮಾತನಾಡಿದರೆಂಬ ಐತಿಹ್ಯ ಭಕ್ತರಲ್ಲಿ ಪ್ರಚಲಿತವಾಗಿದೆ. ದತ್ತ ಮಂಡಲದ ಹಳ್ಳಿಗಳಲ್ಲಿ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂಬ ಹೆಸರಿಡುವ ರೂಢಿಯೂ ಇತ್ತು.